ಮಾವನ ಪಾಕೀಟಿನ ಶಾವಿಗೆ

ನನ್ನ ಅಂಗಡಿ ಎಂದರೆ ನಮ್ಮ ಮನೆಯ ಪಡಸಾಲೆಯ ಕಿಟಕಿ. ಮದುವೆಯಾಗಿ ಘಾಟಬೋರಾಳಕ್ಕೆ ಬಂದ ಕೆಲವು ವರ್ಷಗಳ ಮೇಲೆ ನನ್ನ ಗಂಡ ಆ ಕಿಟಕಿಯ ಸರಳು ಕೀಳಿಸಿ, ಅಡ್ಡಕ್ಕೆ ಒಂದು ಹಲಗೆ ಹೊಡೆದುಕೊಟ್ಟರು. ಅವರು ಹುಮನಾಬಾದಿನ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾರೆ. ಸಂಜೆ ಬರುವಾಗ ಅಲ್ಲಿಯ ಹೋಲ್‌ಸೇಲ್ ಅಂಗಡಿಯಿಂದ ಸಾಮಾನು ಕಟ್ಟಿಸಿಕೊಂಡು ಮೋಟಾರ್ ಸೈಕಲ್ಲಿನ ಹಿಂದೆ ಬಿಗಿದು ತರುತ್ತಾರೆ. ದೊಡ್ಡ ಕಿರಾಣಿ ಅಂಗಡಿಗಳೆಲ್ಲ ಬಸ್ಸು ನಿಲ್ಲುವ ಕಡೆ ಇವೆ. ನಮ್ಮ ಓಣಿ ಊರ ಹಿಂಭಾಗದ್ದು, ಅದರಾಚೆ ಬರೀ ಹೊಲ. ಹಾಗಾಗಿ ನನ್ನಲ್ಲಿಗೆ ಬರುವವರು ಓಣಿಯ ಮಕ್ಕಳು ಮತ್ತು ಬೆಳಿಗ್ಗೆ ಕಳೆ ತೆಗೆಯಲು ಹೋಗುವ ಹೆಂಗಸರು.

ಮಕ್ಕಳಿಗೆ ಕಿಟಕಿಯ ಮೇಲೆ ಸರವಾಗಿ ತೂಗುವ ಕುರುಕಲು ಪಾಕೀಟುಗಳು ಬೇಕು. ಹೆಂಗಸರಿಗೆ ಬಿಸ್ಕೀಟು. ಮೊದಲು ಅವರೂ ರೊಟ್ಟಿಯ ಗಂಟು ಕಟ್ಟಿಕೊಂಡೇ ಹೊಲಕ್ಕೆ ಹೋಗುತ್ತಿದ್ದವರು. ಈಗ ಕೂಲಿಯವರನ್ನು ಹೊಲಕ್ಕೆ ಒಯ್ಯುವ ಟಂಟಂ ಗಾಡಿ ನಸುಕಿಗೇ ಬಂದು ಹಾರ್ನ್ ಬಾರಿಸುತ್ತದೆ. "ರೊಟ್ಟಿ ಬಡಿಯಾಕ ಹೊತ್ತೆಲ್ಲಿ ಅದ ಅಕ್ಕಾ, ಬಿಸ್ಕೀಟೇ ಕೊಡು" ಎನ್ನುತ್ತಾರೆ. ನಾನು ಕೊಡುತ್ತಿದ್ದೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಕೂತು ಯೋಚಿಸಿದವಳಲ್ಲ. ನಾನು ಬಸವಕಲ್ಯಾಣದಲ್ಲಿ ಹುಟ್ಟಿ ಬೆಳೆದವಳು. ಪೇಟೆಯ ಮಕ್ಕಳಾಗಿ ನಾವೂ ಪಾಕೀಟು ಹರಿದು ತಿಂದೇ ದೊಡ್ಡವರಾದೆವು.

ಆದರೆ ಕಿಟಕಿಯಿಂದ ಒಳಗೆ ಹೋದರೆ ಬೇರೆಯೇ ರಾಜ್ಯ. ಅಲ್ಲಿ ಅತ್ತೆಯ ಒಲೆ, ಅತ್ತೆಯ ಜೋಳದ ರೊಟ್ಟಿ. ಬೆಳಿಗ್ಗೆ ನನ್ನ ನಿದ್ದೆ ಹರಿಯುವುದೇ ಅವರು ಹಿಟ್ಟು ಬಡಿಯುವ ಸಪ್ಪಳಕ್ಕೆ. ಮಾವ ಆಡು ಕುರಿ ಕಾಯುವವರು. ಮುಂಜಾನೆ ಬಿಸಿ ರೊಟ್ಟಿ ಉಂಡು, ಮಧ್ಯಾಹ್ನಕ್ಕೆಂದು ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಒಂದು ಉಳ್ಳಾಗಡ್ಡಿ ಬಟ್ಟೆಯಲ್ಲಿ ಕಟ್ಟಿಸಿಕೊಂಡು ಹೊರಡುವರು. ಅತ್ತೆ ಮದುವೆಯಾಗಿ ಬಂದಾಗಿನಿಂದ ಆ ಗಂಟು ಕಟ್ಟುವ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ನಾನು ಬಂದ ಹೊಸದರಲ್ಲಿ ಒಮ್ಮೆ ಕಟ್ಟಲು ಹೋದಾಗ, "ನೀ ಪಲ್ಯ ನೋಡ್ಕೊ, ಇದು ನನಗ ಗೊತ್ತದ" ಎಂದು ಮೆತ್ತಗೆ ಕೈಯಿಂದ ಬಟ್ಟೆ ಇಸಿದುಕೊಂಡಿದ್ದರು.

ಮಾವನ ಹಲ್ಲುಗಳು ಕೆಲವು ವರ್ಷಗಳಿಂದ ಅಲುಗಾಡುತ್ತಿದ್ದವು. ಅವರು ಲವಂಗ ಕಚ್ಚಿಕೊಂಡು, ಉಪ್ಪು ನೀರು ಮುಕ್ಕಳಿಸಿ ದಿನ ದೂಡಿದರು. ಕಡೆಗೆ ಒಂದು ಮಳೆಗಾಲ ಕೆನ್ನೆ ಊದಿ ಕಣ್ಣೇ ಮುಚ್ಚಿಕೊಂಡಾಗ ನನ್ನ ಗಂಡ ಹುಮನಾಬಾದಿಗೆ ಕರೆದುಕೊಂಡು ಹೋದರು. ಒಂದೂ ಉಳಿಯುವ ಹಾಗಿಲ್ಲ ಎಂದರಂತೆ ಅಲ್ಲಿಯ ಡಾಕ್ಟರು. ಮೂರ್ನಾಲ್ಕು ಸಲ ಹೋಗಿ ಬಂದು ಎಲ್ಲವನ್ನೂ ಕೀಳಿಸಿದ್ದಾಯಿತು. ಒಸಡು ಮಾಯಲು ಕೆಲವು ತಿಂಗಳು ಬೇಕು, ಆಮೇಲೆ ಹಲ್ಲಿನ ಸೆಟ್ಟು ಮಾಡಿಸಿರಿ ಎಂದು ಹೇಳಿ ಕಳಿಸಿದರು.

ಅತ್ತೆ ಅಂದಿನಿಂದಲೇ ಹೊಸ ಕೆಲಸ ಹಚ್ಚಿಕೊಂಡರು. ಬಿಸಿ ರೊಟ್ಟಿಯನ್ನು ಸಣ್ಣಗೆ ಮುರಿದು ಹಾಲಿನಲ್ಲಿ ನೆನೆಸಿ, ಬೆಲ್ಲ ತುಪ್ಪ ಹಾಕಿ, ಕೈಯಿಂದ ಮೆತ್ತಗೆ ಕಿವುಚಿ ಬಟ್ಟಲಲ್ಲಿ ಕೊಡುವರು. ಮಧ್ಯಾಹ್ನಕ್ಕೂ ಅದನ್ನೇ ಡಬ್ಬಿಯಲ್ಲಿ ಹಾಕಿ ಕಳಿಸುವರು. ಒಂದು ದಿನ ಊಟಕ್ಕೆ ಕೂತಾಗ ನನ್ನ ಮಗಳು, ಆಗಿನ್ನೂ ಸಣ್ಣವಳು, ಅಜ್ಜನ ಬಟ್ಟಲಲ್ಲಿ ಇಣುಕಿ, "ಮುತ್ಯಾ, ನಿನ್ನ ಊಟ ಬಾಜು ಮನಿ ಕೂಸಿನ ಊಟದಂಗ ಅದ" ಎಂದಳು. ಎಲ್ಲರೂ ನಕ್ಕೆವು. ಮಾವನೂ ನಕ್ಕರು. ಆದರೆ ಅರ್ಧ ಬಟ್ಟಲು ಹಾಗೇ ಉಳಿಸಿ ಎದ್ದರು. ಆಮೇಲೆ ದಿನವೂ ಉಳಿಸತೊಡಗಿದರು. "ಹಸಿವಿಲ್ಲ" ಎನ್ನುವರು. ಅಂಗಿ ಹೆಗಲ ಮೇಲೆ ಸಡಿಲವಾಯಿತು.

ಅಂಥ ದಿನಗಳಲ್ಲಿ ಒಂದು ಮಧ್ಯಾಹ್ನ ಅತ್ತೆ ಹೊಲಕ್ಕೆ ಹೋಗಿದ್ದರು. ಮಗಳು ಶಾಲೆಯಿಂದ ಬಂದು ನೂಡಲ್ಸ್ ಬೇಕೆಂದು ಹಟ ಹಿಡಿದಳು. ಅಂಗಡಿಯ ಒಂದು ಪಾಕೀಟು ಒಡೆದು ಮಾಡಿಕೊಟ್ಟೆ. ಒಂದು ಆಡು ಈದಿತ್ತೆಂದು ಮಾವ ಅವತ್ತು ಮನೆಯಲ್ಲೇ ಇದ್ದರು. ಮೊಮ್ಮಗಳು ತಾಟು ತೆಗೆದುಕೊಂಡು ಅವರ ಬದಿಗೇ ಹೋಗಿ ಕೂತಳು.

"ಇದೇನದ ಅವ್ವಾ?" ಎಂದರು ಮಾವ.

"ನೂಡಲ್ಸ್ ಮುತ್ಯಾ. ತಿಂದು ನೋಡು."

ಒಂದು ಚಮಚ ಬಾಯಿಗಿಟ್ಟರು. ಎಳೆಯೊಂದು ತುಟಿಯಿಂದ ಜೋತುಬಿತ್ತು. ಸುರ್ ಎಂದು ಒಳಗೆ ಎಳೆದುಕೊಂಡರು. ಸ್ವಲ್ಪ ಹೊತ್ತು ಬಾಯಿ ಆಡಿಸಿ, "ಶಾವಿಗಿನೇ ಇದು. ಖಾರ ಹಾಕ್ಯಾರ. ಬೇಷ್ ಅದ" ಎಂದರು. ಮಗಳ ತಾಟು ಖಾಲಿಯಾಯಿತು. ನಾನು ಮತ್ತೊಂದು ಪಾಕೀಟು ಒಡೆದೆ. ಅದೂ ಖಾಲಿಯಾಯಿತು. ಹಲ್ಲು ಕೀಳಿಸಿದ ಮೇಲೆ ಅವರು ಹೊಟ್ಟೆ ತುಂಬ ಉಂಡದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ನನಗೆ ಖುಷಿಯೇ ಆಯಿತು.

ಮರುದಿನ ಬೆಳಿಗ್ಗೆ ನಾನು ಕಿಟಕಿಯಲ್ಲಿ ಕೂತಿದ್ದೆ. ಮಾವ ಆಡುಗಳನ್ನು ಹೊರಗೆ ಹೊಡೆದುಕೊಂಡು ಬಂದವರು, ಬೀದಿಯ ಕಡೆಯಿಂದ ಕಿಟಕಿಗೆ ಬಂದು ನಿಂತರು. ಮನೆಯ ಒಳಗಿಂದ ಕೈ ಚಾಚಿದರೆ ಸಿಗುವ ಸಾಮಾನು, ಆದರೂ ಗಿರಾಕಿಯ ಹಾಗೆ ಹೊರಗೆ ನಿಂತು ತಗ್ಗಿದ ದನಿಯಲ್ಲಿ, "ಒಂದು ಪಾಕೀಟ್ ಶಾವಿಗಿ ಕೊಡವ್ವಾ" ಎಂದರು. ಕೊಟ್ಟೆ. ಅಂಗಿಯ ಒಳಗೆ ಇಟ್ಟುಕೊಂಡು ಹೋದರು.

ಅಡವಿಯಲ್ಲಿ ಮೂರು ಕಲ್ಲಿಟ್ಟು, ಅಲ್ಲೇ ಕರೆದ ಆಡಿನ ಹಾಲಿನಲ್ಲಿ ಅದನ್ನು ಕುದಿಸುತ್ತಿದ್ದರಂತೆ. ಹಾಲು, ಮಸಾಲೆ ಪುಡಿ, ಒಂದು ಹಸಿಮೆಣಸಿನಕಾಯಿ. ಜೊತೆಗೆ ಕುರಿ ಕಾಯುವ ಇನ್ನಿಬ್ಬರು ಗೆಳೆಯರಿಗೂ ರುಚಿ ಹತ್ತಿತು. ಅವರೂ ನನ್ನ ಕಿಟಕಿಗೆ ಬರತೊಡಗಿದರು. ಮಾವನ ಅಂಗಿ ಮತ್ತೆ ಮೈಗೆ ಕೂತಿತು. ಮುಖದಲ್ಲಿ ಕಳೆ ಬಂತು.

ಅತ್ತೆಗೆ ಗೊತ್ತಾದದ್ದು ನಾಯಿಯಿಂದ. ಮಾವನ ಜೊತೆ ದಿನವೂ ಅಡವಿಗೆ ಹೋಗುವ ನಾಯಿ, ಸಂಜೆ ಬಂದು ತನ್ನ ಪಾಲಿನ ಗಂಜಿ ಮೂಸಿ ನೋಡಿ ಬಿಟ್ಟುಬಿಡುತ್ತಿತ್ತು. ಮೈ ಬೇರೆ ತುಂಬಿಕೊಂಡಿತ್ತು. ಅತ್ತೆ ಅದನ್ನೇ ನೋಡುತ್ತ ನಿಂತು, ಮಾವ ತಂದಿಟ್ಟ ಡಬ್ಬಿಯ ಮುಚ್ಚಳ ತೆಗೆದರು. ನೆಕ್ಕಿದಷ್ಟು ಸ್ವಚ್ಛ.

"ನನ್ನ ಹಾಲು ರೊಟ್ಟಿ ನಾಯಿ ತಿನ್ನಾಕತ್ತದ" ಎಂದರು. ಮಾವನಿಗಲ್ಲ, ನನಗೆ. "ಅವ್ರು ಏನ್ ತಿನ್ನಾಕತ್ತಾರ?"

ನಾನು ಹೇಳಿದೆ. ಅವರು ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ಸಲೀಸಾಗುತ್ತಿತ್ತು. ಅವತ್ತಿನಿಂದ ಅತ್ತೆ ನನ್ನೊಂದಿಗೆ ಮಾತನ್ನೇ ಕಡಿಮೆ ಮಾಡಿದರು. ಬೇಳೆ ಸೋಸುವಾಗ, ಸೊಪ್ಪು ಬಿಡಿಸುವಾಗ ಅಂಗಡಿಯ ಕಡೆ ಬೆನ್ನು ಮಾಡಿ ಕೂರುವರು. ಒಮ್ಮೆ ಮಾತ್ರ, "ಇಷ್ಟು ವರ್ಷ ನನ್ನ ಕೈ ರೊಟ್ಟಿ ಉಂಡವ್ರು. ಈಗ ನಿನ್ನ ದುಕಾನದ ಪಾಕೀಟೇ ರುಚಿ ಆತು" ಎಂದರು. ಅವರು ಮುಂದೆಯೂ ದಿನಾ ಬಟ್ಟಲಲ್ಲಿ ರೊಟ್ಟಿ ಕಿವುಚಿ ಇಡುವುದನ್ನು ಬಿಡಲಿಲ್ಲ. ಮಾವನೂ ಅದನ್ನು ಬೇಡ ಎನ್ನಲಿಲ್ಲ.

ತೊಗರಿ ಹೂಬಿಡುವ ಹೊತ್ತಿಗೆ ಒಸಡು ಮಾಯಿತು. ಬಸವಕಲ್ಯಾಣದಲ್ಲಿ ಹಲ್ಲಿನ ಸೆಟ್ಟು ಚೆನ್ನಾಗಿ ಮಾಡುವ ಡಾಕ್ಟರೊಬ್ಬರಿದ್ದಾರೆ, ನೆರೆಯವರೊಬ್ಬರು ಮಾಡಿಸಿದ್ದಾರೆ ಎಂದು ನನ್ನ ತಾಯಿ ಫೋನು ಮಾಡಿ ಹೇಳಿದರು. ಗಂಡನಿಗೆ ಗ್ಯಾರೇಜು ಬಿಡುವಂತಿರಲಿಲ್ಲ. ನಾನೇ ಅಂಗಡಿ ಮುಚ್ಚಿ, ಮಗಳನ್ನು ಅತ್ತೆಯ ಹತ್ತಿರ ಬಿಟ್ಟು, ಮಾವನನ್ನು ಕರೆದುಕೊಂಡು ಹೊರಟೆ. ಹುಮನಾಬಾದಿನಲ್ಲಿ ಬಸ್ಸು ಬದಲಿಸಿದೆವು. ಮಾವ ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ ಯಾರ ಹೊಲದಲ್ಲಿ ಮೇವು ಎಷ್ಟಿದೆ ಎಂದು ನೋಡುತ್ತ ಬಂದರು.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಾಯಿ ನೋಡುವ ಮೊದಲು ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. ಮತ್ತೊಮ್ಮೆ ನೋಡಿದರು.

"ಬಿ.ಪಿ. ಜಾಸ್ತಿ ಅದ ಮುತ್ಯಾ. ಗುಳಿಗಿ ಏನರೆ ತಗೋತೀರೇನ್ರಿ?"

"ಇಲ್ರಿ. ನನಗೇನಾಗ್ಯಾದ, ಗಟ್ಟಿ ಅದೀನಿ."

"ಹಲ್ಲಿಲ್ಲಲ್ಲ, ಊಟ ಏನ್ ಮಾಡಾಕತ್ತೀರಿ?"

"ಶಾವಿಗಿ."

"ಯಾವ ಶಾವಿಗಿ?"

ಮಾವ ನನ್ನ ಕಡೆ ನೋಡಿದರು. "ನಮ್ಮ ಸೊಸಿ ದುಕಾನದಾಗ ಇರ್ತದಲ್ರಿ, ಪಾಕೀಟಿಂದು."

"ದಿನಾ?"

"ದಿನಾ. ಒಮ್ಮೊಮ್ಮೆ ಎರಡು ಹೊತ್ತು."

ಆ ಹುಡುಗಿ ಬೈಯಲಿಲ್ಲ. ನನ್ನ ಕಡೆ ತಿರುಗಿ, "ಆ ಮಸಾಲಿ ಪುಡ್ಯಾಗ ಉಪ್ಪು ಬಾಳ ಇರ್ತದ್ರಿ ಅಕ್ಕಾ. ವಾರಕ್ಕೊಮ್ಮೆ ತಿಂದ್ರ ಏನಿಲ್ಲ. ಈ ವಯಸ್ಸಿಗಿ ದಿನಾ ಅದನ್ನೇ ಊಟ ಮಾಡಬಾರ್ದು. ಬ್ಯಾಳಿ, ಕಾಯಿಪಲ್ಯ ಹೊಟ್ಟಿಗಿ ಹೋಗಬೇಕು" ಎಂದರು. ಬಿ.ಪಿ. ತೋರಿಸಲು ಅದೇ ಬೀದಿಯ ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿದರು. ಅಲ್ಲಿ ಗುಳಿಗೆ ಬರೆದುಕೊಟ್ಟರು. ಮರಳಿ ಬಂದಾಗ ಆಕೆ ಮಾವನ ಒಸಡಿನ ಅಚ್ಚು ತೆಗೆದುಕೊಂಡು, ಕೆಲವು ವಾರ ಬಿಟ್ಟು ಬನ್ನಿ ಎಂದರು.

ಅಲ್ಲಿಂದ ನನ್ನ ತವರಿಗೆ ಹೋದೆವು. ಬೀಗರು ಬರುತ್ತಾರೆಂದು ನನ್ನ ತಾಯಿ ಬೆಳಗಿನಿಂದ ಅಡುಗೆಗೆ ನಿಂತಿದ್ದರು. ಬದನೆಕಾಯಿ ಎಣ್ಣೆಗಾಯಿ, ಕಡಕ್ ರೊಟ್ಟಿ, ಶೇಂಗಾ ಹೋಳಿಗೆ. ನನ್ನ ತಂದೆಗೆ ಆಡು ಕುರಿಯ ವ್ಯಾಪಾರ, ಅವರು ಮಾವನ ಹಳೆಯ ಸ್ನೇಹಿತರು. ಆ ಸ್ನೇಹದಿಂದಲೇ ನನ್ನ ಮದುವೆಯಾದದ್ದು. ತಂದೆ, ನನ್ನ ಅಣ್ಣ, ಸಂತೆಯಿಂದ ಬಂದ ಅವರ ಇಬ್ಬರು ಪರಿಚಯದವರು ಸಾಲಾಗಿ ಕೂತರು. ನಡುವೆ ಮಾವನಿಗೆ ಚಾಪೆ ಹಾಸಿದರು. ತಾಯಿ ಎಲ್ಲರಿಗೂ ರೊಟ್ಟಿ ಬಡಿಸಿ, ಹಲ್ಲಿಲ್ಲದವರಿಗೆಂದು ಅಕ್ಕರೆಯಿಂದ ಹಾಲಿನಲ್ಲಿ ಕಿವುಚಿದ ರೊಟ್ಟಿಯನ್ನು ಒಂದು ಹೊಳೆಯುವ ಬಟ್ಟಲಲ್ಲಿ ತಂದು ಮಾವನ ಮುಂದೆ ಇಟ್ಟರು. ಮೇಲೆ ತುಪ್ಪ ತೇಲುತ್ತಿತ್ತು.

ಮಾವ ಕೈಮುಗಿದರು. "ತಪ್ಪು ತಿಳೀಬ್ಯಾಡ್ರಿ. ಇವತ್ತ ನಂದು ಒಪ್ಪತ್ತದ. ಬರೇ ಚಾ ಸಾಕು."

"ಬುಧವಾರ ಯಾವ ಒಪ್ಪತ್ರಿ ಬೀಗರ?" ಎಂದರು ನನ್ನ ತಾಯಿ.

"ಮನಿ ದೇವ್ರಂದು."

ನಮ್ಮ ಮನೆ ದೇವರ ಹೆಸರಿನಲ್ಲಿ ಬುಧವಾರ ಯಾರೂ ಒಪ್ಪತ್ತು ಹಿಡಿದದ್ದನ್ನು ನಾನು ಕಂಡಿರಲಿಲ್ಲ. ಸಾಲಿನಲ್ಲಿ ಕೂತವರು ಕಡಕ್ ರೊಟ್ಟಿ ಮುರಿಯುತ್ತಿದ್ದರು. ಮಾವ ಚಹಾದ ಲೋಟ ಹಿಡಿದು, ಎಲ್ಲರ ಊಟ ಮುಗಿಯುವವರೆಗೂ ಆಡಿನ ರೇಟು, ಮಳೆ ಬೆಳೆ ಮಾತಾಡುತ್ತ ಕೂತರು.

ಮರಳುವಾಗ ಬಸ್ ನಿಲ್ದಾಣದಲ್ಲಿ ಹುಮನಾಬಾದಿನ ಬಸ್ಸಿಗೆ ಹೊತ್ತಿತ್ತು. ಮಾವ ಹೊಟೇಲಿಗೆ ನಡೆದರು. ಚಹಾ ಮತ್ತು ಖಾರಿ ಬಿಸ್ಕೀಟು ತರಿಸಿ, ಖಾರಿಯ ಪದರಗಳನ್ನು ಚಹಾದಲ್ಲಿ ಅದ್ದಿ ಒಂದಾದ ಮೇಲೊಂದು ತಿನ್ನತೊಡಗಿದರು. ಹಸಿದಿದ್ದರು.

"ಒಪ್ಪತ್ತು ಮುಗೀತೇನ್ರಿ ಮಾವಾ?" ಎಂದೆ.

ಅವರು ನಕ್ಕರು. ಹಲ್ಲಿಲ್ಲದ ನಗುವನ್ನು ಟವೆಲ್ಲಿನ ಚುಂಗಿನಿಂದ ಮುಚ್ಚಿಕೊಂಡರು. ಆಮೇಲೆ ಹೇಳಿದರು: "ಹಾಲು ರೊಟ್ಟಿ ರುಚಿ ಇಲ್ಲಂತಲ್ಲವ್ವಾ. ಖರೇ ಹೇಳ್ಬೇಕಂದ್ರ ನಿಮ್ಮತ್ತಿ ಕೈದು ಬಾಳ ರುಚಿ ಇರ್ತದ. ಆದ್ರ ನಾಕು ಮಂದಿ ಕೂತು ರೊಟ್ಟಿ ಮುರಿಯೋ ಹೊತ್ತಿಗಿ ನಾನೊಬ್ಬವ ಬಟ್ಟಲ ಹಿಡ್ಕೊಂಡು ಕೂಸಿನಂಗ ಕುಂದ್ರೋದು ನನಗ ಆಗಲ್ಲ. ನಾಚಿಕಿ ಬರ್ತದ. ಈ ಪಾಕೀಟಿನ ಶಾವಿಗಿ ಇರ್ತದಲ್ಲ, ಅದನ್ನ ಹಲ್ಲಿದ್ದಾಂವನೂ ಸುರ್ ಅಂತ ತಿಂತಾನ, ಹಲ್ಲಿಲ್ದಾಂವನೂ ಸುರ್ ಅಂತ ತಿಂತಾನ. ಅಡವ್ಯಾಗ ನಾವು ಮೂವರೂ ಒಂದೇ ತಾಟಿನಾಗ ಕೈ ಹಾಕ್ತೀವಿ. ಯಾರಿಗೂ ಏನೂ ಗೊತ್ತಾಗಲ್ಲ."

ಉಳಿದ ಖಾರಿಯನ್ನು ಅವರ ಕಡೆ ಸರಿಸಿದೆ.

"ನಿಮ್ಮತ್ತಿಗಿ ಹೇಳಬ್ಯಾಡ" ಎಂದರು. "ಮನಸ್ಸಿಗಿ ಹಚ್ಕೋತಾಳ."

ಆದರೆ ನಾನು ಹೇಳಿದೆ. ಬಿ.ಪಿ.ಯ ಗುಳಿಗೆ ಮನೆಗೆ ಬಂದ ಮೇಲೆ ಅತ್ತೆಗೆ ಹೇಗೂ ಒಂದು ಕಾರಣ ಹೇಳಬೇಕಿತ್ತು. ಅರ್ಧ ಹೇಳುವುದಕ್ಕಿಂತ ಪೂರ್ತಿ ಹೇಳುವುದೇ ಸರಿ ಅನಿಸಿತು. ಮರುದಿನ ಮಾವ ಅಡವಿಗೆ ಹೋದ ಮೇಲೆ ಅವರ ಪಕ್ಕ ಕೂತು ಸೊಪ್ಪು ಬಿಡಿಸುತ್ತ ಡಾಕ್ಟರ ಮಾತು, ಬೀಗರ ಮನೆಯ ಬಟ್ಟಲು, ಬಸ್ ನಿಲ್ದಾಣದ ಮಾತು ಎಲ್ಲ ಹೇಳಿದೆ. ಅತ್ತೆಯ ಕೈ ನಿಂತಿತು.

"ಬೀಗರ ಮನ್ಯಾಗ ಒಪ್ಪತ್ತು ಅಂದ್ರಾ?" ಎಂದು ಕೇಳಿದರು.

"ಹೌದ್ರಿ ಅತ್ತಿ."

"ಹಸಿವು ತಡಿಯೋ ಮನುಷ್ಯಾ ಅಲ್ಲ ಅವ್ರು" ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನಗತೊಡಗಿದರು. ಬಹಳ ದಿನಗಳ ಮೇಲೆ ನನ್ನ ಕಡೆ ಮುಖ ಮಾಡಿ ನಕ್ಕದ್ದು. ಅವತ್ತು ಬಟ್ಟಲಲ್ಲಿ ರೊಟ್ಟಿ ಕಿವುಚಿಡಲಿಲ್ಲ. ಆದರೆ ಏನು ಮಾಡಬೇಕೆಂಬುದೂ ಅವರಿಗೆ ಹೊಳೆದಿರಲಿಲ್ಲ. ಕೆಲವು ದಿನ ಅನ್ನ ಸಾರು, ಕೆಲವು ದಿನ ಉಪ್ಪಿಟ್ಟು ಎಂದು ಹೇಗೋ ನಡೆಯಿತು. ಮಾವನಿಗೆ ಅನ್ನ ಊಟವೇ ಅಲ್ಲ. ಕದ್ದುಮುಚ್ಚಿ ಕಿಟಕಿಗೆ ಬರುವರು. ನಾನು "ಇವತ್ತ ಖಾಲಿ ಆಗ್ಯಾದ್ರಿ" ಎನ್ನುವೆ. ಹಿಂದೆ ತೂಗುವ ಪಾಕೀಟುಗಳನ್ನು ನೋಡುತ್ತಲೇ ಅವರು ತಲೆಯಾಡಿಸಿ ಹೋಗುವರು.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ನಮ್ಮ ಬೀದರ್ ಕಡೆ ಅವತ್ತು ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಬೆಳೆಗೆ ಪೂಜೆ ಮಾಡಿ, ಅಲ್ಲೇ ಕೂತು ಊಟ. ಅವತ್ತಿನ ಮುಖ್ಯ ಅಡುಗೆ ಭಜ್ಜಿ. ಇದು ಎಣ್ಣೆಯಲ್ಲಿ ಕರಿಯುವ ಬಜ್ಜಿಯಲ್ಲ. ಹಸಿ ತೊಗರಿ, ಬಟಾಣಿ, ಅವರೆ, ಶೇಂಗಾ, ಮೆಂತ್ಯ, ಬದನೆ, ಗಜ್ಜರಿ, ಆ ಹೊತ್ತಿಗೆ ಹೊಲದಲ್ಲಿ ಏನೇನು ಸಿಗುತ್ತದೋ ಎಲ್ಲವನ್ನೂ ಹುಣಸೆಹುಳಿ ಮತ್ತು ಕಡಲೆಹಿಟ್ಟಿನಲ್ಲಿ ಮೆತ್ತಗೆ ಕುದಿಸಿದ ಗಟ್ಟಿ ಪಲ್ಯ. ಜೊತೆಗೆ ಮಜ್ಜಿಗೆ ಹಾಕಿದ ಜೋಳದ ಅಂಬಲಿ.

ನಮ್ಮ ತೊಗರಿ ಹೊಲದ ಬದುವಿನಲ್ಲಿ ಕಂಬಳಿ ಹಾಸಿದೆವು. ಮಾವನ ಅಡವಿಯ ಗೆಳೆಯರೂ ಬಂದರು, ಓಣಿಯ ಇನ್ನೊಂದು ಮನೆಯವರೂ ಬಂದರು. ಎಲ್ಲರ ತಾಟಿಗೂ ಭಜ್ಜಿ, ಎಲ್ಲರ ಬಟ್ಟಲಿಗೂ ಅಂಬಲಿ. ರೊಟ್ಟಿಯೂ ಇತ್ತು, ಆದರೆ ಅವತ್ತು ರೊಟ್ಟಿಯನ್ನು ಯಾರೂ ಕೇಳುವುದಿಲ್ಲ. ಮಾವ ಗೆಳೆಯರ ನಡುವೆ ಕೂತು ಭಜ್ಜಿ ಕಲಸಿ ಉಂಡರು. ಮತ್ತೆ ಹಾಕಿಸಿಕೊಂಡರು. ಅಂಬಲಿಯನ್ನು ಎಲ್ಲರ ಹಾಗೆ ಬಟ್ಟಲೆತ್ತಿ ಕುಡಿದರು. ಅತ್ತೆ ಬಡಿಸುವ ಸೌಟು ಹಿಡಿದುಕೊಂಡು ಅವರನ್ನೇ ನೋಡುತ್ತ ನಿಂತಿದ್ದರು. ಮಾವ ಮೂರನೆಯ ಸಲ ತಾಟು ಚಾಚಿದಾಗ ಅತ್ತೆ ನನ್ನ ಕಡೆ ತಿರುಗಿ ಮೆಲ್ಲಗೆ, "ಇಷ್ಟು ದಿನ ಇದು ನನ್ನ ತಲಿಗಿ ಯಾಕ ಹೊಳೀಲಿಲ್ಲ?" ಎಂದರು.

ಹಬ್ಬ ಮುಗಿದು ಎರಡು ದಿನವಾದ ಮೇಲೆ ಸಂಜೆಯ ಊಟಕ್ಕೆ ಕೂತಾಗ ನಮ್ಮೆಲ್ಲರ ತಾಟಿನಲ್ಲೂ ಭಜ್ಜಿ ಇತ್ತು. ಉಪ್ಪು ಕಡಿಮೆ, ಹುಳಿ ಸ್ವಲ್ಪ ಮುಂದು. ಜೊತೆಗೆ ಜೋಳದ ನುಚ್ಚು, ಮಜ್ಜಿಗೆ. ಮಾವನಿಗೆ ಬೇರೆ ಬಟ್ಟಲಿರಲಿಲ್ಲ. ಯಾರಿಗೂ ರೊಟ್ಟಿ ಇರಲಿಲ್ಲ.

ನನ್ನ ಗಂಡ ಒಲೆಯ ಕಡೆ ನೋಡಿ, "ಅವ್ವಾ, ನನ್ನ ಹಲ್ಲು ಇನ್ನೂ ಅದಾವಲ್ಲ. ನನಗರೆ ರೊಟ್ಟಿ ಮಾಡ್ಬೇಕಿತ್ತು" ಎಂದರು.

"ಇರ್ಲಿ. ಅವಕ್ಕೂ ಜರಾ ಆರಾಮ ಸಿಗ್ಲಿ" ಎಂದರು ಅತ್ತೆ.

ಮಾವ ತಲೆ ಎತ್ತದೆ ಉಂಡರು. ತಾಟು ತೊಳೆದಷ್ಟು ಸ್ವಚ್ಛವಾಯಿತು. ಅತ್ತೆಗೆ ನಾನು ಎಲ್ಲ ಹೇಳಿಬಿಟ್ಟಿದ್ದೇನೆಂದು ಅವರಿಗೆ ಅವತ್ತೇ ಗೊತ್ತಾಗಿರಬೇಕು. ಕೈ ತೊಳೆಯಲು ಹೋಗುವಾಗ ನನ್ನ ತಲೆಯ ಮೇಲೆ ಒಮ್ಮೆ ಕೈ ಆಡಿಸಿ ಹೋದರು, ಅಷ್ಟೇ.

ಅಂದಿನಿಂದ ಸಂಜೆಯ ಅಡುಗೆ ಮನೆಮಂದಿಗೆಲ್ಲ ಒಂದೇ ಮತ್ತು ಮೆತ್ತನೆಯದು. ಹಸಿ ಕಾಳು ಇಲ್ಲದ ಕಾಲದಲ್ಲಿ ಒಣಕಾಳು ನೆನೆಸಿ ಭಜ್ಜಿ. ಪುಂಡಿ ಸೊಪ್ಪು ಬಂದಾಗ ನುಚ್ಚು ಹಾಕಿದ ಪುಂಡಿಪಲ್ಯ. ರೊಟ್ಟಿ ಬೆಳಿಗ್ಗೆ ಮಾತ್ರ. ಆ ಹೊತ್ತಿನಲ್ಲಿ ನಾವು ಒಬ್ಬೊಬ್ಬರು ಒಂದೊಂದು ಕಡೆ ಕೂತು ಉಣ್ಣುವುದರಿಂದ ಯಾರ ತಾಟಿನಲ್ಲಿ ಏನಿದೆ ಎಂದು ನೋಡುವವರಿಲ್ಲ. ಅಡವಿಗೆ ಹೋಗುವ ಡಬ್ಬಿಯಲ್ಲಿ ಈಗ ಮೂವರಿಗಾಗುವಷ್ಟು ಭಜ್ಜಿ ಇರುತ್ತದೆ. ಮಾವನ ಗೆಳೆಯರ ಹೆಂಡಂದಿರು ಅತ್ತೆಯ ಹತ್ತಿರ ಬಂದು ಕೇಳಿಕೊಂಡು ಹೋಗಿ, ಅವರೂ ವಾರದಲ್ಲಿ ಒಂದೆರಡು ದಿನ ಮಾಡಿ ಕಳಿಸುತ್ತಾರೆ.

ಹಲ್ಲಿನ ಸೆಟ್ಟೂ ಬಂತು. ಮೊದಲ ದಿನ ಅದನ್ನು ಹಾಕಿಕೊಂಡು ಮಾತಾಡಿದಾಗ ಸೀಟಿ ಹೊಡೆದ ಹಾಗಾಗಿ ಮಗಳು ಬಿದ್ದು ಬಿದ್ದು ನಕ್ಕಳು. ರೊಟ್ಟಿ ಕಚ್ಚಿದರೆ ಒಸಡಿಗೆ ಒತ್ತುತ್ತದೆ. ರೂಢಿಯಾಗಲು ಹೊತ್ತು ಬೇಕೆಂದು ಡಾಕ್ಟರು ಹೇಳಿದ್ದರು, ಮಾವನಿಗೆ ರೂಢಿ ಮಾಡಿಕೊಳ್ಳುವ ಆಸೆಯೇ ಉಳಿದಿರಲಿಲ್ಲ. ಮದುವೆಗೆ, ಸಂತೆಗೆ ಹೋಗುವಾಗ ಹಾಕಿಕೊಳ್ಳುತ್ತಾರೆ. ಮನೆಯಲ್ಲಿ ಊಟಕ್ಕೆ ಕೂರುವಾಗ ತೆಗೆದು ನೀರಿನ ಲೋಟಕ್ಕೆ ಹಾಕಿಡುತ್ತಾರೆ.

ನೂಡಲ್ಸ್ ಏನೂ ಮನೆ ಬಿಟ್ಟು ಹೋಗಲಿಲ್ಲ. ಶನಿವಾರ ಮಗಳಿಗೆ ಅರ್ಧ ದಿನ ಶಾಲೆ. ಅವತ್ತು ಮಧ್ಯಾಹ್ನ ನಾನು ದೊಡ್ಡ ಪಾತ್ರೆಯಲ್ಲಿ ಮಾಡುತ್ತೇನೆ. ಬಟಾಣಿ, ಗಜ್ಜರಿ, ಸೊಪ್ಪು ಬಹಳ, ಮಸಾಲೆ ಪುಡಿ ಅರ್ಧ. ಮೊದಲ ಸಲ ಅತ್ತೆ ದೂರ ಕೂತು ನೋಡಿದರು. ಎರಡನೆಯ ಸಲ ಮಾವನ ತಾಟಿನಿಂದ ಒಂದು ತುತ್ತು ತೆಗೆದುಕೊಂಡರು. ಈಗ ಅವರದೇ ತಾಟು ಇರುತ್ತದೆ. "ಪುಡಿ ಇನ್ನೂ ಕಮ್ಮಿ ಹಾಕು, ನಂದೂ ಬಿ.ಪಿ. ಏರಸ್ತಿ" ಎನ್ನುತ್ತಲೇ ತಿನ್ನುತ್ತಾರೆ.

ಅಂಗಡಿಯನ್ನು ನಾನು ಮುಚ್ಚಲಿಲ್ಲ, ಬದಲಿಸಲೂ ಇಲ್ಲ. ಟಂಟಂ ನಸುಕಿಗೇ ಬರುವವರೆಗೆ ಹೊಲಕ್ಕೆ ಹೋಗುವವರಿಗೆ ಬಿಸ್ಕೀಟು ಬೇಕೇ ಬೇಕು. ಅವರಿಗೆ ನಾನು ಉಪದೇಶ ಮಾಡುವುದಿಲ್ಲ. ಆದರೆ ಯಾರ ಮನೆಗೆ ಯಾವ ಪಾಕೀಟು ದಿನಾ ಹೋಗುತ್ತಿದೆ ಎಂಬುದು ಈಗ ನನ್ನ ಗಮನಕ್ಕೆ ಬರುತ್ತದೆ. ಒಂದೇ ಸಾಮಾನು ಮೇಲಿಂದ ಮೇಲೆ ಕೇಳಿದರೆ, "ಮನ್ಯಾಗ ಯಾರಿಗರೆ ಆರಾಮಿಲ್ಲೇನು?" ಎಂದು ಕೇಳುತ್ತೇನೆ. ಕೆಲವರು ಇಲ್ಲ ಎಂದು ಹೋಗುತ್ತಾರೆ. ಕೆಲವರು ಹಲಗೆಗೆ ಕೈ ಊರಿ ನಿಂತು ಮನೆಯ ಸುದ್ದಿ ಹೇಳುತ್ತಾರೆ.

ಹೋದ ತಿಂಗಳು ಅತ್ತೆಗೆ ದವಡೆ ಹಲ್ಲು ನೋಯತೊಡಗಿತು. ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದರೇ ಹೊರತು ದವಾಖಾನೆಗೆ ಹೋಗಲು ಒಪ್ಪಲಿಲ್ಲ. ನಾನು ಹೇಳಿದೆ, ನನ್ನ ಗಂಡ ಹೇಳಿದರು, ಕೇಳಲಿಲ್ಲ. ಕಡೆಗೆ ಮಾವ ಅವರ ಎದುರಿಗೆ ಬಂದು ಕೂತರು.

"ಕೀಳ್ಸು. ಯಾಕ ಫಿಕರ್ ಮಾಡ್ತಿ?" ಎಂದರು. "ನಮ್ಮ ಮನ್ಯಾಗ ಹ್ಯಾಂಗೂ ಎಲ್ಲಾರಿಗೂ ಮೆತ್ತಂದೇ ಅಡಗಿ ಅದ."

ಅತ್ತೆ ಬಟ್ಟೆ ಕಟ್ಟಿದ ಕೆನ್ನೆಯಲ್ಲೇ ನಕ್ಕು, ನೋವಿಗೆ ಮುಖ ಹಿಂಡಿ, ಮತ್ತೆ ನಕ್ಕರು. ಮರುದಿನ ಅವರಿಬ್ಬರೇ ಹುಮನಾಬಾದಿನ ಬಸ್ಸು ಹತ್ತಿದರು. ಮಾವ ಹಲ್ಲಿನ ಸೆಟ್ಟು ಹಾಕಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅತ್ತೆಯ ಕೈಚೀಲವನ್ನು ತಾವೇ ಹಿಡಿದುಕೊಂಡಿದ್ದರು.